ಗುಲಾಬಿಯ ಊರಿನ ಎರಡು ಬಯಲುಗಳು

ಅಮೆರಿಕದ ಪಶ್ಚಿಮ ಭಾಗದ ಆರೆಗನ್ ಸಂಸ್ಥಾನದಲ್ಲಿ ಪೋರ್ಟ್‌ಲೆಂಡ್ ಎಂಬ ಪಟ್ಟಣವಿದೆ. ವಿಲಾಮೆಟ್ ನದಿಯು ಅದನ್ನು ನಡುವೆ ಸೀಳಿಕೊಂಡು ಉತ್ತರಕ್ಕೆ ಹರಿಯುತ್ತದೆ. ಊರಿಗೆ ಗುಲಾಬಿಗಳ ನಗರವೆಂದು ಅಡ್ಡಹೆಸರು. 1917ರಲ್ಲಿ ಗುಡ್ಡದ ಇಳಿಜಾರಿನಲ್ಲಿ ಹಾಕಿದ ಗುಲಾಬಿಯ ತೋಟದಲ್ಲಿ ಇಂದು ಹತ್ತು ಸಾವಿರಕ್ಕೂ ಹೆಚ್ಚು ಗಿಡಗಳಿವೆ. ನಮ್ಮ ಅಕ್ಕನ ಮಗನು ಅಲ್ಲಿಗೆ ಪಶ್ಚಿಮದಲ್ಲಿರುವ ಹಿಲ್ಸ್‌ಬರೊ ಎಂಬ ಊರಿನಲ್ಲಿ ಉದ್ಯೋಗದಲ್ಲಿರುವುದರಿಂದ, 2025ರ ಬೇಸಗೆಯಲ್ಲಿ ಆರು ವಾರ ಅಲ್ಲಿ ನಿಲ್ಲುವ ಯೋಗ ನಮಗೆ ಒದಗಿತು. ತೋಟವನ್ನು ಎರಡು ಸಲ ನೋಡಿದೆವು. ಆದರೆ ಈಗ ಬರೆಯಹೊರಟಿರುವುದು ಹೂವಿನ ವಿಷಯವನ್ನಲ್ಲ. ಆ ಊರಿನ ಎರಡು ಆಟದ ಬಯಲುಗಳ ವಿಷಯವನ್ನೂ, ಅವೆರಡರ ನಡುವೆ ದಾರಿ ತೋರದೆ ನಿಂತಿದ್ದ ಒಬ್ಬ ಹುಡುಗಿಯ ವಿಷಯವನ್ನೂ.

ಹುಡುಗಿ ನಮ್ಮವಳಲ್ಲ, ನೆರೆಮನೆಯ ಅಮೆರಿಕದವಳು, ಹದಿನೇಳು ವರ್ಷ. ತಾಯಿ ಆಸ್ಪತ್ರೆಯಲ್ಲಿ ದಾದಿ, ತಂದೆ ಲಾರಿ ನಡೆಸುವವನು. ನಮ್ಮ ಮೊಮ್ಮಗಳೂ ಅವಳೂ ಒಂದೇ ತಂಡದಲ್ಲಿ ಕಾಲ್ಚೆಂಡಿನ ಆಟ ಆಡುತ್ತಾರೆ. ಆ ದೇಶದಲ್ಲಿ ಫುಟ್‌ಬಾಲೆಂದರೆ ಬೇರೊಂದು ಆಟ; ನಾವು ಫುಟ್‌ಬಾಲೆನ್ನುವುದಕ್ಕೆ ಅವರು ಸಾಕರ್ ಎನ್ನುತ್ತಾರೆ. ಮೊಮ್ಮಗಳು ಆಡುವುದು ಸಂತೋಷಕ್ಕೆ. ನೆರೆಯವಳ ಮಾತು ಬೇರೆ. ಅರ್ಧ ಶುಲ್ಕವನ್ನು ಬಿಟ್ಟುಕೊಡುತ್ತೇವೆ, ಬಂದು ನಮ್ಮ ತಂಡಕ್ಕೆ ಆಡೆಂದು ಒಂದು ಕಾಲೇಜು ಕರೆದಿತ್ತು. ಓದು ಹಾಗಿರಲಿ, ಈಗಲೇ ಬಂದು ಸಂಬಳಕ್ಕೆ ಆಡೆಂದು ದೂರದ ಊರಿನ ಒಂದು ವೃತ್ತಿಪರ ಕ್ಲಬ್ಬು ಕರೆದಿತ್ತು. ಒಂದು ಸಂಜೆ ತಾಯಿಮಕ್ಕಳಿಬ್ಬರೂ ಬಂದು ಕುಳಿತರು. ಅಕ್ಕನ ಮಗನು, "ನಮ್ಮ ಮಾವನವರು ಮೂವತ್ತೈದು ವರ್ಷ ಮೇಷ್ಟ್ರಾಗಿದ್ದವರು, ಅವರನ್ನೇ ಕೇಳಿ" ಎಂದುಬಿಟ್ಟನು.

ಮೊದಲು ವಿದ್ಯೆ, ಆಮೇಲೆ ಉಳಿದದ್ದು ಎಂಬ ಉತ್ತರ ನಮ್ಮ ನಾಲಗೆಯ ತುದಿಯಲ್ಲಿ ಸಿದ್ಧವಾಗಿತ್ತು. ಅಷ್ಟರಲ್ಲಿ ಮೊಮ್ಮಗಳು, "ತಾತ, ನೀವು ಅವರ ಆಟವನ್ನೇ ನೋಡಿಲ್ಲವಲ್ಲ! ನೋಡಿಕೊಂಡು ಬಂದು ಆಮೇಲೆ ಹೇಳಿ" ಎಂದಳು. ಪೂರ್ವಪಕ್ಷವನ್ನು ಕೇಳದೆ ಸಿದ್ಧಾಂತ ಹೇಳಬಾರದೆಂದು ತರ್ಕದ ಪಾಠದಲ್ಲಿ ಎಷ್ಟು ಸಲ ನಾವೇ ಹೇಳಿದ್ದೆವೋ! ನಾಚಿ ಸುಮ್ಮನಾದೆವು.

ಮುಂದಿನ ಶನಿವಾರ ಹಿಲ್ಸ್‌ಬರೊದಿಂದ ನೀಲಿ ಮಾರ್ಗದ ರೈಲು ಹಿಡಿದೆವು. ಬೀವರ್ಟನ್ ದಾಟಿದ ಮೇಲೆ ಗಾಡಿಯು ಗುಡ್ಡದ ಹೊಟ್ಟೆಯೊಳಕ್ಕೆ ನುಗ್ಗುತ್ತದೆ. ನಡುವೆ ನೆಲದಿಂದ 260 ಅಡಿ ಆಳದಲ್ಲಿ ಒಂದು ನಿಲ್ದಾಣವುಂಟು. ಸುರಂಗ ಬಿಟ್ಟು ಬೆಳಕಿಗೆ ಬಂದ ಸ್ವಲ್ಪದರಲ್ಲಿಯೇ ಪ್ರಾವಿಡೆನ್ಸ್ ಪಾರ್ಕು. 1926ರಲ್ಲಿ ಕಟ್ಟಿದ ಈ ಕ್ರೀಡಾಂಗಣವು ಬೀದಿಯ ಮಟ್ಟಕ್ಕಿಂತ ತಗ್ಗಿನಲ್ಲಿದೆ. ಮೇಲಿನಿಂದ ಇಣಿಕಿದರೆ ನಮ್ಮ ಕಡೆಯ ದೇವಾಲಯದ ಕಲ್ಯಾಣಿಯನ್ನು ನೋಡಿದಂತಾಗುತ್ತದೆ. ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಇಪ್ಪತ್ತೈದು ಸಾವಿರ ಜನರಿಗೆ ಸ್ಥಳ. ನೀರಿರಬೇಕಾದ ಕಡೆ ಹಸುರು. ಆದರೆ ಅದು ನಿಜವಾದ ಹುಲ್ಲಲ್ಲ, ನಾರಿನಿಂದ ಮಾಡಿದ ಹಾಸು. ಬ್ರೆಜಿಲಿನ ಪೆಲೆ ತನ್ನ ಕೊನೆಯ ಸ್ಪರ್ಧಾಪಂದ್ಯವನ್ನು 1977ರಲ್ಲಿ ಆಡಿದ್ದು ಇದೇ ಅಂಗಣದಲ್ಲಿ.

ಆ ದಿನ ಆಡಿದವರು ಪೋರ್ಟ್‌ಲೆಂಡ್ ಥಾರ್ನ್ಸ್ ಎಂಬ ಹೆಂಗಸರ ತಂಡದವರು. ಥಾರ್ನ್ಸ್ ಎಂದರೆ ಮುಳ್ಳುಗಳು. ಗುಲಾಬಿಯ ಊರಿಗೆ ಒಪ್ಪುವ ಹೆಸರು. 2013ರಲ್ಲಿ ಲೀಗು ಆರಂಭವಾದ ವರ್ಷವೇ ಗೆದ್ದರು. ಮತ್ತೆ 2017ರಲ್ಲಿಯೂ 2022ರಲ್ಲಿಯೂ ಗೆದ್ದರು. ಉತ್ತರದ ತುದಿಯಲ್ಲಿ ರಿವೆಟರ್ಸ್ ಎಂಬ ಅಭಿಮಾನಿಗಳ ಗುಂಪು ಆಟ ಮುಗಿಯುವವರೆಗೆ ಕುಳಿತುಕೊಳ್ಳದೆ ನಗಾರಿ ಬಾರಿಸಿತು. ನಮ್ಮ ಪಕ್ಕದ ಸಾಲಿನಲ್ಲಿ ಒಬ್ಬ ಮುದುಕಿ ಮೂವರು ಮೊಮ್ಮಕ್ಕಳನ್ನು ಕರೆತಂದಿದ್ದಳು. ಆಟದ ನಿಯಮಗಳನ್ನು ನಮಗೆ ಬಿಡಿಸಿ ಹೇಳಿದವಳು ಅವಳೇ. ಹೆಂಗಸರು ಚೆಂಡಾಡುವುದನ್ನು ಹಣ ಕೊಟ್ಟು ನೋಡಲು ಅಷ್ಟು ಜನ ಕೂಡಿದ್ದನ್ನು ನಾವು ಹಿಂದೆ ಕಂಡಿರಲಿಲ್ಲ. ಆದರೂ ವಿಷಯ ಪೂರ್ತಿ ಹೊಸದೇನೂ ಅಲ್ಲ. ದಂಡಿಯ ದಶಕುಮಾರಚರಿತದಲ್ಲಿ ಕಂದುಕಾವತಿಯೆಂಬ ರಾಜಪುತ್ರಿ ದೇವಿಯ ಪ್ರೀತ್ಯರ್ಥವಾಗಿ ಊರ ಜನರೆದುರು ಚೆಂಡಾಡುತ್ತಾಳೆ. ಅವಳ ಆಟದ ಫಲ ಒಳ್ಳೆಯ ವರ. ಇವರ ಆಟದ ಫಲ ತಿಂಗಳ ಸಂಬಳ. ಅಷ್ಟೇ ವ್ಯತ್ಯಾಸವೆನ್ನೋಣವೇ?

ಮೊಮ್ಮಗಳು ಆಟದ ನಡುವೆ ಆಲಿವಿಯಾ ಮೌಲ್ಟ್ರಿ ಎಂಬ ಆಟಗಾರ್ತಿಯ ಕಥೆ ಹೇಳಿದಳು. 2005ರಲ್ಲಿ ಹುಟ್ಟಿದ ಈಕೆಗೆ ಹನ್ನೊಂದನೆಯ ವಯಸ್ಸಿನಲ್ಲಿಯೇ ಉತ್ತರ ಕ್ಯಾರೊಲಿನಾ ವಿಶ್ವವಿದ್ಯಾಲಯವು ವಿದ್ಯಾರ್ಥಿವೇತನವನ್ನು ಮುಂದೊಡ್ಡಿತ್ತು. ಹದಿಮೂರರಲ್ಲಿ, 2019ರಲ್ಲಿ, ಅದನ್ನು ಬಿಟ್ಟು ನೈಕಿ ಕಂಪನಿಯೊಡನೆ ಕರಾರು ಮಾಡಿಕೊಂಡು ವೃತ್ತಿಗೆ ಇಳಿದಳು. ಮನೆಯವರೆಲ್ಲ ಕ್ಯಾಲಿಫೋರ್ನಿಯಾ ಬಿಟ್ಟು ಈ ಊರಿಗೆ ಬಂದರು. ಆದರೆ ಹದಿನೆಂಟು ತುಂಬದವರು ಆಡಕೂಡದೆಂಬುದು ಲೀಗಿನ ನಿಯಮ. ಎರಡು ವರ್ಷ ಥಾರ್ನ್ಸ್ ತಂಡದೊಡನೆ ಅಭ್ಯಾಸ ಮಾತ್ರ ಮಾಡುತ್ತಿದ್ದವಳು 2021ರಲ್ಲಿ ಲೀಗಿನ ಮೇಲೆ ವ್ಯಾಜ್ಯ ಹೂಡಿದಳು. ಗಂಡುಮಕ್ಕಳ ಲೀಗಿನಲ್ಲಿ ಇಲ್ಲದ ನಿರ್ಬಂಧ ಹೆಣ್ಣುಮಕ್ಕಳಿಗೇಕೆ ಎಂಬುದು ಅವಳ ವಾದ. ನ್ಯಾಯಾಧೀಶೆ ನಿಯಮಕ್ಕೆ ತಡೆ ಕೊಟ್ಟರು. ಅದೇ ಜುಲೈ ತಿಂಗಳಲ್ಲಿ, ಹದಿನಾರು ತುಂಬುವ ಮೊದಲೇ, ಅವಳು ಈ ಬಯಲಿಗೆ ಇಳಿದಳು. ಆಮೇಲೆ ರಾಷ್ಟ್ರದ ತಂಡಕ್ಕೂ ಆಡಿದಳು. 2022ರ ಕೊನೆಯಲ್ಲಿ ಲೀಗು ತಾನಾಗಿಯೇ ಎಳೆಯರಿಗೆ ಬಾಗಿಲು ತೆರೆಯಿತು. ನೆರೆಮನೆಗೆ ಬಂದಿದ್ದ ಕಾಗದವು ಆ ಬಾಗಿಲಿನಿಂದಲೇ ಬಂದದ್ದು.

ಎರಡನೆಯ ಬಯಲನ್ನು ಮರುವಾರ ನೋಡಿದೆವು. ಊರಿನ ಉತ್ತರ ಭಾಗದಲ್ಲಿ, ನದಿಯ ಮೇಲಣ ಎತ್ತರವಾದ ದಿಬ್ಬದ ಮೇಲೆ, 1901ರಲ್ಲಿ ಸ್ಥಾಪಿತವಾದ ಪೋರ್ಟ್‌ಲೆಂಡ್ ವಿಶ್ವವಿದ್ಯಾಲಯವಿದೆ. ರಜೆಯ ದಿನಗಳಾದುದರಿಂದ ಎಲ್ಲೆಲ್ಲೂ ಮೌನ. ಕೆಳಗೆ ಸ್ವಾನ್ ಐಲೆಂಡ್ ಎಂಬಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಡಗು ಕಟ್ಟುತ್ತಿದ್ದರಂತೆ. ಈ ಊರಿನ ಹಡಗುಕಟ್ಟೆಗಳಲ್ಲಿ ಆಗ ಸಾವಿರಾರು ಹೆಂಗಸರು ಉಕ್ಕಿನ ಕೆಲಸ ಮಾಡಿದರು. ಕ್ರೀಡಾಂಗಣದಲ್ಲಿ ನಗಾರಿ ಬಾರಿಸಿದವರ ಗುಂಪಿನ ಹೆಸರು ಆ ಕಾಲದ ಹೆಂಗಸರ ನೆನಪಿನದು. ದಿಬ್ಬದ ಮೇಲಿನ ಮೆರ್ಲೋ ಬಯಲಿನಲ್ಲಿ ಐದು ಸಾವಿರದೊಳಗಿನ ಜನಕ್ಕೆ ಆಸನ. ಕೆನಡಾದ ಕ್ರಿಸ್ಟೀನ್ ಸಿಂಕ್ಲೇರ್ ಇಲ್ಲಿಯ ವಿದ್ಯಾರ್ಥಿನಿ. ಅವಳಿದ್ದಾಗ 2002ರಲ್ಲಿಯೂ 2005ರಲ್ಲಿಯೂ ವಿಶ್ವವಿದ್ಯಾಲಯವು ರಾಷ್ಟ್ರೀಯ ಪದವಿಯನ್ನು ಗೆದ್ದಿತು. 2005ರ ಒಂದೇ ಋತುವಿನಲ್ಲಿ ಅವಳು ಹೊಡೆದ ಗೋಲುಗಳು 39. ಓದು ಮುಗಿಸಿ ಹೋದವಳು 2013ರಲ್ಲಿ ಥಾರ್ನ್ಸ್ ಸೇರಿ, 2024ರಲ್ಲಿ ನಿವೃತ್ತಳಾಗುವವರೆಗೆ ಅಲ್ಲಿಯೇ ಆಡಿದಳು. ತನ್ನ ದೇಶಕ್ಕಾಗಿ ಹೊಡೆದ ಗೋಲುಗಳು 190. ಗಂಡಸರಲ್ಲಾಗಲಿ ಹೆಂಗಸರಲ್ಲಾಗಲಿ ಅಷ್ಟು ಹೊಡೆದವರು ಇನ್ನೊಬ್ಬರಿಲ್ಲ.

ಇದನ್ನು ಕೇಳಿ ನಮಗೆ ಸಂತೋಷವಾಯಿತು. ನಮ್ಮ ಪಕ್ಷಕ್ಕೆ ಸಾಕ್ಷಿ ದೊರೆಯಿತಲ್ಲವೆ! "ಹಾಗಾದರೆ ಲಿಂಡ್ಸಿ ಹೊರಾನ್?" ಎಂದಳು ಮೊಮ್ಮಗಳು. ಆಕೆ 2012ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಕಾಲೇಜಿನ ಕರೆಯನ್ನು ಬಿಟ್ಟು ನೇರವಾಗಿ ಪ್ಯಾರಿಸ್ಸಿನ ಕ್ಲಬ್ಬಿಗೆ ಹೋದವಳು. ಆಮೇಲೆ ಇದೇ ಥಾರ್ನ್ಸ್ ತಂಡಕ್ಕೆ ಬಂದು, 2019ರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿಯೂ ಇದ್ದಳು. ಸಾಕ್ಷಿ ಅತ್ತಲೂ ಇತ್ತು.

ಇಲ್ಲಿಯ ಕಾಲೇಜಿಗೂ ನಮ್ಮ ಕಾಲೇಜಿಗೂ ಒಂದು ಭೇದವನ್ನು ವಾಚಕರು ಗಮನಿಸಬೇಕು. 1972ರಲ್ಲಿ ಅಮೆರಿಕದ ಸರ್ಕಾರ ಒಂದು ಶಾಸನ ಮಾಡಿತು: ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣೆಂಬ ಕಾರಣಕ್ಕೆ ಯಾರನ್ನೂ ಹಿಂದಿಡಕೂಡದು. ಆಟಕ್ಕೂ ಅದು ಅನ್ವಯಿಸಿತು. ಅಂದಿನಿಂದ ಹೆಣ್ಣುಮಕ್ಕಳು ಕಾಲ್ಚೆಂಡನ್ನು ಬಲವಾಗಿ ಕಲಿತದ್ದು ಕಾಲೇಜಿನ ಬಯಲುಗಳಲ್ಲಿಯೇ. ಹಾಗೆ ನೋಡಿದರೆ ಆ ಹುಡುಗಿಯ ಮುಂದಿದ್ದುದು ಪುಸ್ತಕವೋ ಚೆಂಡೋ ಎಂಬ ಪ್ರಶ್ನೆಯಲ್ಲ. ಎರಡು ಕಡೆಯೂ ಚೆಂಡು ಇದ್ದೇ ಇತ್ತು. ಕಾಲೇಜಾದರೂ ಅವಳನ್ನು ಕರೆದದ್ದು ಅವಳ ಕಾಲಿನ ಬಲವನ್ನು ನೋಡಿಯೇ. ಆ ವಿದ್ಯಾರ್ಥಿವೇತನವೂ ಹೊರಗಿನವರು ಭಾವಿಸುವಷ್ಟು ಧಾರಾಳವಲ್ಲ: 2025ರವರೆಗೆ ಮೊದಲನೆಯ ದರ್ಜೆಯ ಒಂದು ಹೆಂಗಸರ ತಂಡಕ್ಕೆ 14 ಪೂರ್ಣ ವೇತನಗಳು ಮಾತ್ರ, ಇಪ್ಪತ್ತೈದು ಮೂವತ್ತು ಮಂದಿಗೆ ಅದನ್ನೇ ಹರಿದು ಹಂಚುತ್ತಿದ್ದರು. ಉಳಿದ ಶುಲ್ಕವನ್ನು ದಾದಿಯೂ ಲಾರಿಯವನೂ ತರಬೇಕು. ಕ್ಲಬ್ಬಿಗೆ ಸಹಿ ಹಾಕಿದರೆ ಓದಲು ಅಡ್ಡಿಯಿಲ್ಲ, ಆದರೆ ಕಾಲೇಜಿನ ತಂಡದಲ್ಲಿ ಆಡುವ ಹಕ್ಕು ಹೋಗುತ್ತದೆಂಬುದು ಬಹುಕಾಲದಿಂದ ನಡೆದುಬಂದ ಕಟ್ಟಳೆ.

ಸಂಬಳವೋ? 2013ರಲ್ಲಿ ಈ ಲೀಗಿನ ಕನಿಷ್ಠ ವೇತನ ವರ್ಷಕ್ಕೆ 6,000 ಡಾಲರು. ಆಗ ಯಾರಾದರೂ ಕೇಳಿದ್ದರೆ ಎರಡನೆಯ ಮಾತಿಲ್ಲದೆ ಕಾಲೇಜೆನ್ನಬಹುದಾಗಿತ್ತು. 2022ರಲ್ಲಿ ಅದು 35,000 ಆಯಿತು. 2024ರಲ್ಲಿ ಆಟಗಾರ್ತಿಯರ ಸಂಘವು ಮಾಡಿಕೊಂಡ ಒಪ್ಪಂದದಂತೆ 2025ಕ್ಕೆ 48,500; 2030ಕ್ಕೆ 82,500. ಯಾವ ತಂಡಕ್ಕೆ ಯಾರು ಹೋಗಬೇಕೆಂದು ಲೀಗೇ ಹಂಚುವ ಪದ್ಧತಿಯೂ ಅದೇ ಒಪ್ಪಂದದಿಂದ ನಿಂತು, ಹುಡುಗಿಯರಿಗೆ ತಮ್ಮ ಊರನ್ನು ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯ ಬಂದಿದೆ. ಆದರೆ ಇದಕ್ಕೆ ಮೊದಲು ಎರಡು ಲೀಗುಗಳು ಹುಟ್ಟಿ, ಮೂರು ಮೂರು ಋತುಗಳಲ್ಲಿಯೇ ಮುಚ್ಚಿಹೋದವು. ಮಂಡಿಯ ನರ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಇನ್ನೊಂದು ಸಂಗತಿ, ಮನೆಯಲ್ಲಿ ಗಟ್ಟಿಯಾಗಿ ಓದಲು ಸಂಕೋಚವಾದರೂ ಹೇಳದೆ ಬಿಡುವಂತಿಲ್ಲ: ಈ ಲೀಗಿನ ಕೆಲವು ತಂಡಗಳಲ್ಲಿ ತರಬೇತುದಾರರು ಆಟಗಾರ್ತಿಯರೊಡನೆ ಅನುಚಿತವಾಗಿ ನಡೆದುಕೊಂಡುದು 2021ರಲ್ಲಿ ಬಯಲಾಯಿತು, ಮರುವರ್ಷ ಹೊರಬಿದ್ದ ವಿಚಾರಣೆಯ ವರದಿಯು ಆ ಕೆಡುಕು ಎಲ್ಲೋ ಒಂದು ಕಡೆಯದಲ್ಲ, ವ್ಯವಸ್ಥೆಯಲ್ಲಿಯೇ ಬೇರೂರಿತ್ತೆಂದು ಹೇಳಿತು. ಹದಿನೇಳರ ಮಗಳನ್ನು ದೂರದ ಊರಿಗೆ ಕಳುಹಿಸುವ ತಾಯಿಗೆ ಸಂಬಳದ ಅಂಕಿಗಿಂತ ಇದು ದೊಡ್ಡದು.

ಅಂದು ರಾತ್ರಿ ನಮಗೆ ನಿದ್ದೆ ಬರಲಿಲ್ಲ. 1996ರಲ್ಲಿ ನಾವು ಪಾಠ ಹೇಳುತ್ತಿದ್ದ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ತಾಲ್ಲೂಕಿನ ಓಟದಲ್ಲಿ ಎಲ್ಲರನ್ನೂ ಹಿಂದೆ ಹಾಕಿದ್ದಳು. ಜಿಲ್ಲೆಯ ಪಂದ್ಯಕ್ಕೆ ಕಳುಹಿಸಬೇಕೇ ಎಂದು ಅವಳ ತಂದೆ ನಮ್ಮನ್ನು ಕೇಳಲು ಬಂದರು. ಸಂಸ್ಕೃತದಲ್ಲಿ ನೂರಕ್ಕೆ ನೂರು ತೆಗೆಯುವ ಹುಡುಗಿ, ಪರೀಕ್ಷೆ ಹತ್ತಿರ ಬಂತು, ಬೇಡವೆಂದೆವು. ನೂರಕ್ಕೆ ತೊಂಬತ್ತೆಂಟು ತೆಗೆದಳು; ನಾವು ಹೆಮ್ಮೆಪಟ್ಟೆವು. ಇಪ್ಪತ್ತು ವರ್ಷದ ಮೇಲೆ ಒಂದು ಮದುವೆಯ ಮನೆಯಲ್ಲಿ ಸಿಕ್ಕಿ ನಮಸ್ಕಾರ ಮಾಡಿದವಳು ಅಂಕಗಳ ಮಾತೆತ್ತಲಿಲ್ಲ. "ಸಾರ್, ಆ ವರ್ಷ ಜಿಲ್ಲೆಯ ಓಟದಲ್ಲಿ ಯಾರು ಗೆದ್ದರು? ಎಷ್ಟು ಸೆಕೆಂಡಿನಲ್ಲಿ ಓಡಿದರಂತೆ?" ಎಂದು ಕೇಳಿದಳು. ನಮಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕೆಂದು ಅಂದಿನವರೆಗೆ ನಮಗೆ ತೋರಿಯೂ ಇರಲಿಲ್ಲ.

ನೆರೆಮನೆಯ ತಾಯಿಮಕ್ಕಳು ಮತ್ತೆ ಬಂದಾಗ ನಾವು ಉಪದೇಶ ಮಾಡಲಿಲ್ಲ. ಈ ಕಥೆಯನ್ನು ಹೇಳಿದೆವು. ಮೊಮ್ಮಗಳು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತ ಹೋದಳು. ಹುಡುಗಿ ನಮ್ಮನ್ನು 'ಟಾಟಾ' ಎನ್ನುತ್ತಾಳೆ. ತಾತ ಎಂದು ಹೇಳಲು ಅವಳ ನಾಲಗೆ ಹೊರಳದು. "ಟಾಟಾ, ಅವಳು ಓಡುವುದನ್ನು ನಿಲ್ಲಿಸಿಬಿಟ್ಟಳೇ?" ಎಂದು ಕೇಳಿದಳು. ನಿಲ್ಲಿಸಿದಳೆಂದೆವು. ತಾಯಿಗೆ ಮಾತ್ರ ಎರಡು ವಿಷಯ ಹೇಳಿದೆವು: ಮುಂದೆ ಓದುವುದಾದರೆ ಅದರ ವೆಚ್ಚವನ್ನು ಕ್ಲಬ್ಬು ಕೊಡಬೇಕೆಂದು ಕರಾರಿನಲ್ಲಿ ಬರೆಯಿಸಿಕೊಳ್ಳಲು ಆಗುತ್ತದೆಯೇ, ವಕೀಲರನ್ನು ಕೇಳಿ, ಮಗಳು ಕಾಲು ಮುರಿದುಕೊಂಡು ಮಲಗಿದ ದಿನ ಅವಳ ಹತ್ತಿರ ಯಾರು ಇರುತ್ತಾರೆ, ಎರಡು ಕಡೆಯವರನ್ನೂ ಕೇಳಿ. ಆಕೆ ಎರಡನೆಯದನ್ನು ಒಂದು ಚೀಟಿಯ ಮೇಲೆ ಬರೆದುಕೊಂಡಳು.

ನಾವು ಹೊರಡುವ ಮುಂಜಾನೆ ಇನ್ನೂ ಮಸುಕಾಗಿತ್ತು. ಪೆಟ್ಟಿಗೆಗಳನ್ನು ಮೋಟಾರಿಗೆ ಏರಿಸುತ್ತಿದ್ದಾಗ ನೆರೆಮನೆಯ ಗ್ಯಾರೇಜಿನ ಗೋಡೆಗೆ ಚೆಂಡು ತಗಲುವ ಸದ್ದು ಒಂದೇ ಸಮನೆ ಕೇಳುತ್ತಿತ್ತು, ಎಡಗಾಲು, ಬಲಗಾಲು, ಎಡಗಾಲು. ಊರಿಗೆ ಬಂದ ಮೇಲೆ ಅಕ್ಕನ ಮಗನು ಬರೆದಿದ್ದನು: ಹೈಸ್ಕೂಲು ಮುಗಿಯುವವರೆಗೆ ಒಂದು ವರ್ಷ ಕಾಯಲು ಸಾಧ್ಯವೇ ಎಂದು ಹುಡುಗಿಯೇ ಕ್ಲಬ್ಬಿಗೆ ಕಾಗದ ಹಾಕಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ.