ಸೋಮವಾರಕ್ಕೊಂದು ಹೊಸ ನಾಟಕ

ಬೆಳಿಗ್ಗೆ ಮುಂದಿನ ವಾರದ ನಾಟಕದ ತಾಲೀಮು, ಸಂಜೆ ಈ ವಾರದ ನಾಟಕದ ಆಟ, ಮಲಗುವ ಮುನ್ನ ಮರುದಿನದ ಮಾತುಗಳ ಬಾಯಿಪಾಠ. ಇಂಗ್ಲೆಂಡಿನ ಸಣ್ಣ ಊರುಗಳ ನಟನಟಿಯರು ಇಪ್ಪತ್ತನೇ ಶತಮಾನದ ನಡುವಿನವರೆಗೂ ಬದುಕಿದ್ದು ಹೀಗೆ. ಇದನ್ನು ‘ವೀಕ್ಲಿ ರೆಪ್’, ಅಂದರೆ ವಾರದ ರೆಪರ್ಟರಿ, ಎನ್ನುತ್ತಿದ್ದರು. ಸೋಮವಾರ ಹೊಸ ನಾಟಕ, ಶನಿವಾರ ಅದಕ್ಕೆ ಮಂಗಳ. ಹೋದ ವಾರದ ಕೊಲೆಗಾರ ಈ ವಾರ ಪಾದ್ರಿ, ಬರುವ ವಾರ ಯಾರದೋ ಪೆದ್ದ ಚಿಕ್ಕಪ್ಪ. ರಂಗದ ಮೇಲಿನ ಸೋಫಾ ಪೇಟೆಯ ಅಂಗಡಿಯಿಂದ ಎರವಲು ತಂದದ್ದು. ‘ಮೊನ್ನೆ ಎರಡನೇ ಅಂಕದಲ್ಲಿ ಮಾತು ಮರೆತೆಯಲ್ಲಪ್ಪಾ’ ಎಂದು ನಟನನ್ನು ಬೀದಿಯಲ್ಲಿ ನಿಲ್ಲಿಸಿ ಕೇಳುವಷ್ಟು ಸಲಿಗೆ ಊರವರಿಗಿತ್ತು.

ಆ ದೇಶದ ಹಳೆಯ ರಂಗಮಂದಿರಗಳಿಗಾಗಿ ಮರುಗುವವರು ಹೆಚ್ಚಾಗಿ ಕಟ್ಟಡಗಳಿಗೆ ಮರುಗುತ್ತಾರೆ. ತಪ್ಪೇನಿಲ್ಲ. ಫ್ರಾಂಕ್ ಮ್ಯಾಚಮ್ ಎಂಬ ವಾಸ್ತುಶಿಲ್ಪಿ ಉಕ್ಕಿನ ತೊಲೆಗಳ ಬಲದಿಂದ ಬಾಲ್ಕನಿಗಳನ್ನು ಮುಂಚಾಚಿ ನಿಲ್ಲಿಸಿ, ನೋಟಕ್ಕೆ ಅಡ್ಡ ಬರುತ್ತಿದ್ದ ಕಂಬಗಳನ್ನೇ ತೆಗೆದುಹಾಕಿದ. ಅವನ ಬ್ಲ್ಯಾಕ್‌ಪೂಲಿನ ಗ್ರ್ಯಾಂಡ್ (1894), ಬಕ್ಸ್ಟನ್ನಿನ ಆಪೆರಾ ಹೌಸ್ (1903) ಇನ್ನೂ ನಿಂತಿವೆ. ನಾಟಿಂಗ್‌ಹ್ಯಾಮಿನ ಎಂಪೈರ್ 1969ರಲ್ಲಿ ನೆಲಕ್ಕುರುಳಿತು, ಫುಲಮ್‌ನ ಗ್ರ್ಯಾನ್‌ವಿಲ್ 1971ರಲ್ಲಿ. ಇನ್ನೆಷ್ಟೋ ಮಂದಿರಗಳು ಸಿನಿಮಾ ಟಾಕೀಸಾದವು, ಬಿಂಗೊ ಆಡುವ ಹಾಲ್‌ಗಳಾದವು. ಉಳಿದವನ್ನು ಕಾಯಲು ಥಿಯೇಟರ್ಸ್ ಟ್ರಸ್ಟ್ ಹುಟ್ಟಿದ್ದು 1976ರ ಕಾಯ್ದೆಯಿಂದ.

ಆದರೆ ಕಟ್ಟಡ ಮತ್ತೆ ಎದ್ದು ನಿಲ್ಲಬಲ್ಲದು. ಯಾರ್ಕ್‌ಶೈರಿನ ರಿಚ್ಮಂಡ್‌ನಲ್ಲಿ ಸ್ಯಾಮ್ಯುಯೆಲ್ ಬಟ್ಲರ್ ಎಂಬ ನಟ 1788ರಲ್ಲಿ ಕಟ್ಟಿಸಿದ ಪುಟ್ಟ ನಾಟಕಶಾಲೆ ಮುಂದೆ ಹರಾಜಿನ ಕೋಣೆಯಾಯಿತು, ವೈನ್ ಇಡುವ ನೆಲಮಾಳಿಗೆಯಾಯಿತು. 1963ರಲ್ಲಿ ಅಲ್ಲಿ ಮತ್ತೆ ನಾಟಕದ ದೀಪ ಹತ್ತಿತು. ಬರಿ ಸೇಂಟ್ ಎಡ್ಮಂಡ್ಸ್‌ನ ಥಿಯೇಟರ್ ರಾಯಲ್‌ದು ಇನ್ನೂ ತಮಾಷೆ. ‘ಚಾರ್ಲೀಸ್ ಆಂಟ್’ ಪ್ರಹಸನ 1892ರಲ್ಲಿ ಮೊಟ್ಟಮೊದಲು ರಂಗಕ್ಕೆ ಬಂದದ್ದು ಅಲ್ಲಿ. 1925ರಿಂದ ನಲವತ್ತು ವರ್ಷ ಅದು ಗ್ರೀನ್ ಕಿಂಗ್ ಬಿಯರಿನವರ ಪೀಪಾಯಿ ದಾಸ್ತಾನಿನ ಗೋದಾಮು. ಪೀಪಾಯಿಗಳು ಹೊರನಡೆದವು, ಪ್ರೇಕ್ಷಕರು ಒಳಬಂದರು.

ಮರಳಿ ಬಾರದ್ದು ಕಂಪನಿ. ಬಟ್ಲರನದು ನಮ್ಮ ನಾಟಕ ಕಂಪನಿಗಳ ಹಾಗೆ ಕ್ಯಾಂಪಿನಿಂದ ಕ್ಯಾಂಪಿಗೆ ಸಾಗುವ ಮೇಳ: ರಿಚ್ಮಂಡ್, ರಿಪನ್, ಕೆಂಡಲ್, ವಿಟ್ಬಿ, ಬೆವರ್ಲಿ. ಊರಲ್ಲೇ ನೆಲೆ ನಿಂತ ರೆಪರ್ಟರಿ ಬಂದದ್ದು ಬಹಳ ತಡವಾಗಿ. ಚಹಾ ವ್ಯಾಪಾರದ ಮನೆತನದ ಹಣವಿದ್ದ ಆ್ಯನಿ ಹಾರ್ನಿಮನ್ 1908ರಲ್ಲಿ ಮ್ಯಾಂಚೆಸ್ಟರಿನ ಗೇಯಟಿ ಥಿಯೇಟರನ್ನು ಕೊಂಡು ತನ್ನ ತಂಡಕ್ಕೆ ನೆಲೆ ಕೊಟ್ಟಳು. ಆ ನಾಡಿನ ಲೇಖಕರಿಂದಲೇ ನಾಟಕ ಬರೆಸಿದಳು. ಹತ್ತಿಯ ವ್ಯಾಪಾರದಲ್ಲಿದ್ದ ಸ್ಟ್ಯಾನ್ಲಿ ಹೌಟನ್ ಬರೆದ ‘ಹಿಂಡಲ್ ವೇಕ್ಸ್’ ಅನ್ನು 1912ರಲ್ಲಿ ಈ ತಂಡವೇ ಆಡಿತು. ಗಿರಣಿ ಮಾಲೀಕನ ಮಗನ ಜೊತೆ ರಜೆ ಕಳೆದುಬಂದ ನೇಯ್ಗೆಯ ಹುಡುಗಿ, ಮದುವೆಯಾಗು ಎಂದು ಮನೆಮಂದಿಯೆಲ್ಲ ಒತ್ತಾಯಿಸಿದರೂ ಒಲ್ಲೆ ಎನ್ನುವ ನಾಟಕ! ಹಣದ ಮುಗ್ಗಟ್ಟಿನಲ್ಲಿ 1917ರ ಹೊತ್ತಿಗೆ ತಂಡ ಚದುರಿತು. ಗೇಯಟಿ ಸಿನಿಮಾಗೃಹವಾಗಿ, ಕೊನೆಗೆ 1959ರಲ್ಲಿ ನೆಲಸಮವಾಯಿತು.

ಅವಳ ದಾರಿ ಹಿಡಿದ ಊರುಗಳೆಲ್ಲ ಒಳ್ಳೆಯ ನಾಟಕವನ್ನೇ ಆಡಿದವು ಎನ್ನಲಾರೆ. ವೀಕ್ಲಿ ರೆಪ್‌ನಲ್ಲಿ ಪತ್ತೇದಾರಿ ಕಥೆಗಳೂ ದಿವಾನಖಾನೆಯ ಹಾಸ್ಯಗಳೂ ಧಾರಾಳ. ಪ್ರಾಂಪ್ಟರನ ಗಂಟಲಿಗೂ ಬಿಡುವಿರಲಿಲ್ಲ. ಆದರೂ ಡೇವಿಡ್ ಬ್ಯಾರನ್ ಎಂಬ ಹೆಸರಿನಲ್ಲಿ ಊರೂರಿನ ರೆಪ್‌ಗಳಲ್ಲಿ ಬಣ್ಣ ಹಚ್ಚಿದ ಯುವಕನೊಬ್ಬ ಮುಂದೆ ನಾಟಕಕಾರ ಹೆರಾಲ್ಡ್ ಪಿಂಟರ್ ಆದ. ಯಾವ ಮಾತಿಗೆ ಸಭೆ ಕೆಮ್ಮುತ್ತದೆ, ಯಾವ ಮೌನಕ್ಕೆ ಉಸಿರು ಹಿಡಿಯುತ್ತದೆ ಎಂಬುದನ್ನು ಅವನು ಅಲ್ಲಿಯೇ ಕಲಿತಿರಬೇಕು ಎಂಬುದು ನನ್ನ ಗುಮಾನಿ. 1950ರ ದಶಕದಲ್ಲಿ ಟೆಲಿವಿಷನ್ ಮನೆಮನೆಗೆ ಬಂತು. ಚಳಿಯಲ್ಲಿ ಕೋಟು ತೊಟ್ಟು ಹೊರಡುವ ಕಾರಣವೇ ಜನರಿಗೆ ಇಲ್ಲವಾಯಿತು.

ಈಗ ಬಹಳಷ್ಟು ರಂಗಮಂದಿರಗಳಲ್ಲಿ ಕ್ರಿಸ್ಮಸ್ಸಿನ ಪ್ಯಾಂಟೊಮೈಮ್ ಎಂಬ ಹಾಡು-ಹಾಸ್ಯದ ಆಟದಿಂದ ಬಂದ ದುಡ್ಡೇ ವರ್ಷವಿಡೀ ಆಧಾರ. ಉಳಿದ ದಿನ ಪ್ರವಾಸಿ ತಂಡಗಳು, ಹಾಸ್ಯಗಾರರು, ಹಳೆಯ ಬ್ಯಾಂಡುಗಳ ಅನುಕರಣೆ. ತಾವೇ ನಾಟಕ ಕಟ್ಟುವ ಮಂದಿರಗಳು ವಿರಳ. ಮ್ಯಾಂಚೆಸ್ಟರ್ ಪಕ್ಕದ ಓಲ್ಡಮ್‌ನ ಕೊಲಿಸಿಯಂ ಅಂಥದ್ದೊಂದಾಗಿತ್ತು. 1880ರ ದಶಕದಲ್ಲಿ ಸರ್ಕಸ್ಸಿಗೆಂದು ಹುಟ್ಟಿದ ಅದು, ಆರ್ಟ್ಸ್ ಕೌನ್ಸಿಲಿನ ನಿಯಮಿತ ಅನುದಾನ ತಪ್ಪಿದ ಮೇಲೆ 2023ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ಒಳಗಿನವರು ಕೆಲಸ ಕಳೆದುಕೊಂಡರು. ಕಟ್ಟಡವನ್ನು ಉಳಿಸಿ ಮತ್ತೆ ತೆರೆಯುವ ಘೋಷಣೆ ಮರುವರ್ಷವೇ ಹೊರಬಿತ್ತು, ಸಂತೋಷ. ಆದರೆ ಓಲ್ಡಮ್‌ನಲ್ಲೇ ಹುಟ್ಟಿದ ಬರ್ನಾರ್ಡ್ ಕ್ರಿಬಿನ್ಸ್ ಹದಿಹರೆಯದಲ್ಲಿ ಆ ಊರಿನ ರೆಪ್ ಕಂಪನಿಗೆ ಸೇರಿ, ಮುಂದೆ ದೇಶಕ್ಕೆಲ್ಲ ಪರಿಚಿತ ನಟನಾದ. ಅಂಥ ಹುಡುಗ ಇಂದು ಕೆಲಸ ಕೇಳಬೇಕೆಂದರೆ ಊರಲ್ಲಿ ಯಾವ ಕಂಪನಿಯಿದೆ?