ಸರೇಸಿನ ಹದ

ಎಮ್ಮೆಯ ಕಾಲಿನ ಮೂಳೆಯನ್ನು ಉದ್ದಕ್ಕೆ ಸೀಳಿ, ಅರ ಹಾಕಿ, ಉಪ್ಪುಕಾಗದದಲ್ಲಿ ತಿಕ್ಕಿ, ಕೊನೆಗೆ ಸೀಮೆಸುಣ್ಣದ ನುಣ್ಣನೆ ಪುಡಿ ಹಚ್ಚಿದ ಒದ್ದೆ ಬಟ್ಟೆಯಿಂದ ಉಜ್ಜಿದರೆ ಬರುವ ಹೊಳಪಿದೆಯಲ್ಲ, ಅದನ್ನು ನೋಡಿದ ಮೇಲೆ ಪ್ಲಾಸ್ಟಿಕ್ ಮುಟ್ಟಲು ಮನಸ್ಸಾಗುವುದಿಲ್ಲ. ಬಣ್ಣ ತುಸು ಕೆನೆಯ ಕಡೆಗೆ ವಾಲಿದ್ದು. ಹತ್ತಿರ ಹಿಡಿದರೆ ರಕ್ತನಾಳ ಹಾದುಹೋದ ಕಡೆಯೆಲ್ಲ ಕೂದಲೆಳೆ ಗಾತ್ರದ ಕಂದು ಗೆರೆಗಳು. ಮೂಳೆಯನ್ನು ದಂತದಿಂದ ಬೇರೆ ಮಾಡಿ ಗುರುತಿಸುವುದೂ ಆ ಗೆರೆಗಳಿಂದಲೇ. ಅದನ್ನು ಎಲೆ, ಬಳ್ಳಿ, ಹಕ್ಕಿಯಾಗಿ ಕೊಯ್ದು ಬೀಟೆ ಮರದಲ್ಲಿ ಕೂರಿಸುವುದು ನನ್ನ ಬಿಡುವಿನ ಹೊತ್ತಿನ ದೊಡ್ಡ ಸುಖ.

ಮೈಸೂರು ಇನ್‌ಲೇಯ ಹಳೆಯ ಪೆಟ್ಟಿಗೆ, ಬಾಗಿಲುಗಳಲ್ಲಿ ಕಾಣುವುದು ಬಹುಮಟ್ಟಿಗೆ ಆನೆದಂತ. 1972ರ ವನ್ಯಜೀವಿ ಕಾಯ್ದೆಗೆ 1986ರಲ್ಲೂ 1991ರಲ್ಲೂ ಆದ ತಿದ್ದುಪಡಿಗಳು ದಂತದ ವ್ಯಾಪಾರದ ಬಾಗಿಲು ಮುಚ್ಚಿದವು. ಮುಚ್ಚಿದ್ದು ಒಳ್ಳೆಯದೇ ಆಯಿತು. ಹಳೆಯ ವಿನ್ಯಾಸಗಳನ್ನು ಹಳೆಯ ಬಗೆಯಲ್ಲೇ ಮತ್ತೆ ಮಾಡಿ ನೋಡಬೇಕೆನ್ನುವ ನನ್ನಂಥವರಿಗೆ ಕಸಾಯಿಖಾನೆಯಲ್ಲಿ ಬಿಸಾಡುವ ಮೂಳೆ ಧಾರಾಳ ಸಾಕು.

ನನ್ನ ಕೆಲಸ ನೋಡಲು ಬಂದವರು ತಪ್ಪದೆ ಕೇಳುವ ಪ್ರಶ್ನೆ: ಮೂಳೆಗೆ ಎಲ್ಲಕ್ಕಿಂತ ಗಟ್ಟಿಯಾದ ಅಂಟು ಯಾವುದು? ಆ ಕೂಡಿಕೆಯನ್ನು ಯಾವುದು, ಯಾವ ಕಡೆಯಿಂದ ಎಳೆಯುತ್ತದೆ ಎಂದು ತಿಳಿಯದೆ ನಾನು ಉತ್ತರ ಹೇಳುವುದಿಲ್ಲ. ಹಳೆಯ ಕಸುಬುದಾರರಿಗೆ ಇದು ಚೆನ್ನಾಗಿ ಗೊತ್ತಿತ್ತು. ಉತ್ತರ ಯುರೋಪಿನ ವೈಕಿಂಗ್ ಕಾಲದ ಬಾಚಣಿಗೆಗಳನ್ನು ನೋಡಿ: ಜಿಂಕೆಕೊಂಬಿನ ತೆಳು ಹಲಗೆಗಳನ್ನು ಸಾಲಾಗಿ ಇಟ್ಟು, ಎರಡೂ ಬದಿಗೆ ಪಟ್ಟಿ ಕೊಟ್ಟು, ಲೋಹದ ಗುಬ್ಬಿಮೊಳೆ ಹೊಡೆದು ಬಿಗಿದಿದ್ದಾರೆ. ಒದ್ದೆ ಕೂದಲಿನಲ್ಲಿ ದಿನವೂ ಆಡುವ ವಸ್ತುವನ್ನು ಅವರು ಅಂಟಿನ ಮೇಲೆ ಬಿಡಲಿಲ್ಲ. ನಮ್ಮ ತಲವಾರಿನ ಹಿಡಿಯ ಟೊಳ್ಳಿಗೆ ಕರಗಿದ ಅರಗು ತುಂಬಿ ಅಲಗಿನ ಬಾಲವನ್ನು ಕೂರಿಸುತ್ತಿದ್ದರು. ರಾಳ, ಜೇನುಮೇಣ, ಇಟ್ಟಿಗೆ ಪುಡಿ ಕಾಯಿಸಿ ಬೆರೆಸಿದ ಮಿಶ್ರಣ ಮೂಳೆಹಿಡಿಯ ಚಾಕುವಿಗೆ ಇವತ್ತಿಗೂ ಸೊಗಸಾಗಿ ಒದಗುತ್ತದೆ. ಚಾಕು ನೀರಿಗೆ ಬಿದ್ದರೂ ಅದಕ್ಕೆ ಏನೂ ಆಗುವುದಿಲ್ಲ. ಬಿಚ್ಚಬೇಕಾದರೆ ಬಿಸಿ ಮಾಡಿದರಾಯಿತು.

ಮರದೊಳಗೆ ಕೂರುವ ತೆಳು ಮೂಳೆಯ ಸಂಗತಿಯೇ ಬೇರೆ. ಸುತ್ತಲ ಗೋಡೆ ಅದನ್ನು ಹಿಡಿದಿರುತ್ತದೆ, ಅಂಟು ಹಿಡಿಯಬೇಕಾದದ್ದು ಅಡಿಯನ್ನು ಮಾತ್ರ. ಆದರೆ ಬೀಟೆ ಮರ ಮಳೆಗಾಲದಲ್ಲಿ ಎಳೆಗೆ ಅಡ್ಡವಾಗಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮೂಳೆ ಅಷ್ಟು ಅಲುಗಾಡುವುದಿಲ್ಲ. ಈ ವರ್ಷಪೂರ್ತಿಯ ಎಳೆದಾಟವನ್ನು ತಾಳುವ ಅಂಟು ಬೇಕು. ಇಲ್ಲಿಗೆ ನನ್ನ ಆಯ್ಕೆ ಸರೇಸು, ಅಂದರೆ ತೊಗಲು ಬೇಯಿಸಿ ತೆಗೆದ ಅಂಟು.

ಮೂಳೆಯ ತೂಕದಲ್ಲಿ ಹೆಚ್ಚಿನ ಪಾಲು ಸುಣ್ಣದ ಖನಿಜ. ಉಳಿದದ್ದರಲ್ಲಿ ಮುಖ್ಯವಾದದ್ದು ಕೊಲಾಜೆನ್ ಎಂಬ ಪ್ರೋಟೀನು. ತೊಗಲಿನಲ್ಲಿರುವುದೂ ಅದೇ. ಬಿಸಿನೀರಿನಲ್ಲಿ ಅದು ಬಿಚ್ಚಿಕೊಂಡಾಗ ಸಿಗುವ ಜೆಲಟಿನ್ನೇ ಸರೇಸು. ಹೀಗೆ ಮೂಳೆಗೆ ಅದರ ನೆಂಟನನ್ನೇ ಹಚ್ಚಿದಂತಾಗುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ವಜ್ರಲೇಪದ ವಿಧಾನ ಬರುತ್ತದೆ: ಎಮ್ಮೆಯ ತೊಗಲನ್ನು ನೀರಿನಲ್ಲಿ ಬೆಣ್ಣೆಯಷ್ಟು ಮೆತ್ತಗಾಗುವವರೆಗೆ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಡುವುದು, ಬೇಕಾದಾಗ ಬಿಸಿನೀರಿನಲ್ಲಿ ಕರಗಿಸಿಕೊಳ್ಳುವುದು. ಅಲ್ಲಿ ಅದು ಚಿತ್ರ ಬರೆಯುವವರಿಗೆ ಹೇಳಿದ್ದು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಜರ್ಮನಿಯ ಕಡೆಯ ಥಿಯೊಫಿಲಸ್ ಎಂಬ ಸನ್ಯಾಸಿ ತೊಗಲಿನ ಚೂರಿನ ಜೊತೆ ಒಡೆದ ಜಿಂಕೆಕೊಂಬನ್ನೂ ಮಡಕೆಗೆ ಹಾಕಿ ಕಾಯಿಸಲು ಹೇಳುತ್ತಾನೆ. ಪಾಕ ಆಯಿತೇ ಎಂದು ತಿಳಿಯಲು ಬೆರಳನ್ನು ಅದರಲ್ಲಿ ತೋಯಿಸಬೇಕು. ತಣಿದ ಮೇಲೆ ಬೆರಳುಗಳು ಒಂದಕ್ಕೊಂದು ಅಂಟಿಕೊಂಡರೆ ಅಂಟು ಚೆನ್ನಾಗಿದೆ ಎಂದರ್ಥ. ಪ್ರತಿ ಸಲವೂ ನಾನು ಈ ಪರೀಕ್ಷೆ ಮಾಡುತ್ತೇನೆ. ಎಂಟುನೂರು ವರ್ಷ ದಾಟಿದ ಒಂದು ಸಲಹೆ ನನ್ನ ಹೆಬ್ಬೆರಳು ತೋರುಬೆರಳ ನಡುವೆ ನಿಜವಾಗುವಾಗ ಮೈ ಜುಮ್ಮೆನ್ನುತ್ತದೆ.

ಸರೇಸಿನ ಹರಳನ್ನು ತಣ್ಣೀರಿನಲ್ಲಿ ರಾತ್ರಿ ನೆನೆಹಾಕುತ್ತೇನೆ. ಬೆಳಿಗ್ಗೆಗೆ ಉಬ್ಬಿ ನಡುಗುವ ಮುದ್ದೆಯಾಗಿರುತ್ತದೆ. ಆ ಪಾತ್ರೆಯನ್ನು ಬಿಸಿನೀರಿನ ಇನ್ನೊಂದು ಪಾತ್ರೆಯಲ್ಲಿಟ್ಟು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿಸಬೇಕು. ಕುದಿಸಿದರೆ ಅಂಟಿನ ಸತ್ವ ಹೋಯಿತು. ಕುಂಚ ಎತ್ತಿದಾಗ ಹನಿಹನಿಯಾಗಿ ಬೀಳದೆ ಎಳೆಯಾಗಿ ಇಳಿದರೆ ಹದ. ಇದರ ಶಕ್ತಿಯ ಬಗ್ಗೆ ಅನುಮಾನ ಇದ್ದವರು ಗಾಜಿನವರನ್ನು ಕೇಳಬೇಕು: ಒರಟು ಮಾಡಿದ ಗಾಜಿನ ಮೇಲೆ ಸರೇಸು ಬಳಿದು ಒಣಗಲು ಬಿಟ್ಟರೆ, ಅದು ಕುಗ್ಗುವಾಗ ಗಾಜಿನ ಮೇಲ್ಮೈಯನ್ನೇ ಚಕ್ಕೆಚಕ್ಕೆಯಾಗಿ ಕಿತ್ತುಕೊಂಡು ಬರುತ್ತದೆ. ಎಲೆಬಳ್ಳಿಯಂಥ ವಿನ್ಯಾಸದ ಗಾಜನ್ನು ಹಾಗೆಯೇ ಮಾಡುತ್ತಾರೆ.

ಆದರೂ ಅರ್ಧ ಬಲ ಇರುವುದು ಅಂಟಿನ ಆಚೆ. ಮೂಳೆಯಲ್ಲಿ ಕೊಬ್ಬು ಉಳಿದಿದ್ದರೆ ಯಾವ ಅಂಟೂ ನಿಲ್ಲದು. ಕೆಲವು ತಿಂಗಳಲ್ಲಿ ಜಿಡ್ಡು ಮೇಲೆ ಬಂದು ಹಳದಿ ಕಲೆಯಾಗಿ ಕೂರುತ್ತದೆ. ಸಾಬೂನು ಬೆರೆಸಿದ ಬೆಚ್ಚನೆ ನೀರಿನಲ್ಲಿ ದಿನಗಟ್ಟಲೆ ಇಟ್ಟು, ನೀರು ಬದಲಿಸುತ್ತಾ, ಜಿಡ್ಡು ತೇಲುವುದು ನಿಂತ ಮೇಲೆ ಒಣಗಿಸಿ, ಅಂಟಿಸುವ ಮುಂಚೆ ಅಸಿಟೋನಿನಿಂದ ಒರೆಸುತ್ತೇನೆ. ಬಿಳುಪಿಗೆ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಕ್ಲೋರಿನ್ ಬ್ಲೀಚ್ ಕೊಲಾಜೆನ್ನನ್ನೇ ತಿಂದು ಮೂಳೆಯನ್ನು ಪುಡಿಪುಡಿ ಮಾಡುತ್ತದೆ. ಅಡಿಯ ಮೈಯನ್ನು ಗರಗಸದ ಹಲ್ಲಿನಿಂದ ಅಡ್ಡಡ್ಡ ಗೀರಿ ಒರಟು ಮಾಡಬೇಕು. ಮೂಳೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮುಖಕ್ಕೆ ಮಾಸ್ಕ್ ಇಲ್ಲದೆ ಗರಗಸ ಹಿಡಿಯಬಾರದು.

ಇಂದಿನ ಅಂಟುಗಳ ಮೇಲೆ ನನಗೆ ದ್ವೇಷವಿಲ್ಲ. ಮೂಳೆ ಲೋಹದೊಂದಿಗೆ ಸೇರುವಲ್ಲಿ, ನೀರು ತಾಕುವಲ್ಲಿ ಎಪಾಕ್ಸಿಗೆ ಸಮ ಇನ್ನೊಂದಿಲ್ಲ. ಸೆಕೆಂಡಿನಲ್ಲಿ ಹಿಡಿಯುವ ಸಯನೋಅಕ್ರಿಲೇಟ್ ಮಾತ್ರ ಗಡಸು, ಪೆಟ್ಟು ಬಿದ್ದರೆ ಚಟಕ್ಕನೆ ಬಿಡುತ್ತದೆ. ಉತ್ಖನನದಲ್ಲಿ ಸಿಕ್ಕ ಮೂಳೆಯನ್ನು ಜೋಡಿಸುವ ಮ್ಯೂಸಿಯಂ ತಜ್ಞರು ಪ್ಯಾರಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಬಳಸುತ್ತಾರೆ. ಮುಂದೆ ಯಾರಿಗಾದರೂ ಬಿಡಿಸಬೇಕೆನಿಸಿದರೆ ಅದೇ ಅಸಿಟೋನಿನಿಂದ ಬಿಡಿಸಬಹುದು ಎನ್ನುವುದು ಅದರ ಹಿಂದಿನ ವಿವೇಕ. ಸರೇಸಿನಲ್ಲಿ ನಾನು ಮೆಚ್ಚುವುದೂ ಇದನ್ನೇ. ಬಿಸಿ ಮತ್ತು ತೇವ ಕೊಟ್ಟು ತೆಳು ಅಲಗು ತೂರಿಸಿದರೆ, ಒಡೆದ ಎಲೆಯೊಂದನ್ನೇ ಎತ್ತಿ ಹೊಸದನ್ನು ಕೂರಿಸಬಹುದು, ಪಕ್ಕದ ಬಳ್ಳಿಗೆ ಪೆಟ್ಟಾಗದು. ತೇವಕ್ಕೆ ಬಿಟ್ಟುಕೊಡುವ ಈ ಗುಣವೇ ಇದರ ಮಿತಿ ಕೂಡ. ಮಲೆನಾಡಿನ ಆಷಾಢದಲ್ಲಿ ಇಡುವ ಪೆಟ್ಟಿಗೆಗೆ ನಾನು ಇದನ್ನು ಹೇಳಲಾರೆ.

ಈಗ ಮೀನಿನ ಗಾಳಿಚೀಲದ ಅಂಟಿನ ಮೇಲೆ ಮನಸ್ಸಾಗಿದೆ. ತುರ್ಕರು ಕೊಂಬು, ಮರ, ನರಗಳನ್ನು ಸೇರಿಸಿ ಮಾಡುತ್ತಿದ್ದ ಬಿಲ್ಲುಗಳಲ್ಲಿ ಅದನ್ನು ಬಳಸುತ್ತಿದ್ದರು. ಬಾಗಿ ಮತ್ತೆ ಸೆಟೆಯುವ ಬಿಲ್ಲಿನ ಎಳೆತವನ್ನು ತಾಳುವಷ್ಟು ಬಳುಕು ಅದಕ್ಕಿದೆ. ಕರಾವಳಿಯ ಗೆಳೆಯರೊಬ್ಬರು ಒಣಗಿಸಿದ ಗಾಳಿಚೀಲ ಕಳಿಸುವುದಾಗಿ ಹೇಳಿದ್ದಾರೆ. ಮೂಳೆಯ ತೆಳು ಪಟ್ಟಿಗಳನ್ನು ಸೀಳಿ, ಗೀರಿ, ಜಿಡ್ಡು ತೆಗೆದು ಈಗಲೇ ಒಣಗಲು ಇಟ್ಟಿದ್ದೇನೆ.