ಮಾಗಿಯ ಓಟ

ನೀಲಗಿರಿಯ ಚಳಿಗಾಲಕ್ಕೆ ಎರಡು ಮುಖಗಳಿವೆ. ಈಶಾನ್ಯ ಮಾರುತದ ಮಳೆಯೊಡನೆ ಬರುವ ಒದ್ದೆ ಚಳಿ ಮೊದಲನೆಯದು. ಮೋಡ ಚದುರಿದ ಮೇಲೆ ಡಿಸೆಂಬರ್, ಜನವರಿಗಳಲ್ಲಿ ಇಳಿಯುವ ಒಣ ಚಳಿ ಎರಡನೆಯದು. ನಿರ್ಮಲವಾದ ಆಕಾಶದ ರಾತ್ರಿಗಳಲ್ಲಿ ನೆಲ ತನ್ನ ಬಿಸಿಯನ್ನೆಲ್ಲ ಬಿಟ್ಟುಕೊಡುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ತಗ್ಗುಗಳಲ್ಲಿ ನಿಲ್ಲುತ್ತದೆ. ಬೆಳಗಾಗುವಾಗ ಅಲ್ಲಿನ ಹುಲ್ಲು ಬೆಳ್ಳಗಾಗಿರುತ್ತದೆ. ತಮಿಳಿನಲ್ಲಿ ಇದಕ್ಕೆ ‘ಉರೈಪನಿ’ ಎಂದು ಹೆಸರು. ಹೆಪ್ಪುಗಟ್ಟಿದ ಪನಿ ಎಂದರ್ಥ. ಹಳಗನ್ನಡದ ‘ಪನಿ’ಯೇ ಮುಂದೆ ‘ಹನಿ’ಯಾದದ್ದನ್ನೂ ‘ಇಬ್ಬನಿ’ಯಲ್ಲಿ ಅದೇ ಪದ ಅಡಗಿ ಕುಳಿತಿರುವುದನ್ನೂ ಬಲ್ಲ ವಿದ್ಯಾರ್ಥಿಗೆ ಈ ಮಾತು ಪರಕೀಯವಾಗಿ ಕೇಳಿಸದು.

ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದ ಉದಕಮಂಡಲದಲ್ಲಿ, ಇಂಥ ಬೆಳಗುಗಳಲ್ಲಿ ಓಡುವವರ ಪೈಕಿ ತಾಳವಾಡಿ ಕಡೆಯ ಹೆಣ್ಣುಮಗಳೊಬ್ಬಳಿದ್ದಾಳೆ. ವಯಸ್ಸು ನಾಲ್ವತ್ತನಾಲ್ಕು, ಕೆಲಸ ಕಛೇರಿಯೊಂದರಲ್ಲಿ ಗುಮಾಸ್ತೆಯದು. ಪದಕಕ್ಕಾಗಲಿ ಪಂದ್ಯಕ್ಕಾಗಲಿ ಆಕೆ ಓಡುವವಳಲ್ಲ. ಆಕೆಯ ತಾಯಿ ಸಕ್ಕರೆ ಕಾಯಿಲೆಯಿಂದ ಮೊದಲು ಕಾಲ್ಬೆರಳನ್ನು, ಆಮೇಲೆ ನಡಿಗೆಯನ್ನೇ ಕಳೆದುಕೊಂಡಿದ್ದರು. ತನ್ನ ರಕ್ತಪರೀಕ್ಷೆಯ ಚೀಟಿಯಲ್ಲೂ ಅಂಕಿ ಗಡಿಯನ್ನು ಮುಟ್ಟಿದೆ ಎಂದು ತಿಳಿದ ದಿನ ಆಕೆ ಒಂದು ಜೊತೆ ಬೂಟು ಕೊಂಡಳು. ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ತಾನೇ ಎಳೆದುಕೊಂಡು ಉರಿಸುತ್ತದೆ ಎಂಬ ವೈದ್ಯರ ಒಂದು ಮಾತು ಆಕೆಗೆ ಸಾಕಾಗಿತ್ತು.

ಎತ್ತರದ ನಾಡಿನಲ್ಲಿ ಓಟಕ್ಕೆ ಮೊದಲು ಎದುರಾಗುವುದು ಉಸಿರಿನ ಪ್ರಶ್ನೆ. ಇಲ್ಲಿ ವಾಯುವಿನ ಒತ್ತಡ ಕಡಲತೀರದ ಒತ್ತಡದ ನಾಲ್ಕರಲ್ಲಿ ಮೂರು ಪಾಲಿನಷ್ಟು ಮಾತ್ರ. ಆದ್ದರಿಂದ ಪ್ರತಿ ಉಸಿರಿಗೂ ದೊರೆಯುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆ. ಜೊತೆಗೆ ಚಳಿಗಾಲದ ಒಣ ಗಾಳಿ ಶ್ವಾಸನಾಳವನ್ನು ಬಿಗಿಸುತ್ತದೆ. ತೆಳುವಾದ ಬಟ್ಟೆಯನ್ನು ಮೂಗುಬಾಯಿಗಳಿಗೆ ಅಡ್ಡವಾಗಿ ಕಟ್ಟಿದರೆ ಹೊರಹೋಗುವ ಉಸಿರಿನ ಬಿಸಿಯೂ ತೇವವೂ ಅಲ್ಲಿಯೇ ಉಳಿದು ಒಳಬರುವ ಗಾಳಿಯನ್ನು ಹದಗೊಳಿಸುತ್ತವೆ. ಮಾತನಾಡಲು ಆಗುವಷ್ಟು ನಿಧಾನವಾಗಿ ಓಡುವುದು ಇಲ್ಲಿ ಸೋಮಾರಿತನವಲ್ಲ, ವಿವೇಕ.

ಉಡುಪಿನ ವಿಷಯದಲ್ಲಿ ಬೆಟ್ಟದ ಜನರ ರೂಢಿಗೂ ಓಟದ ಅಗತ್ಯಕ್ಕೂ ಹೊಂದಾಣಿಕೆಯಿಲ್ಲ. ಹತ್ತಿ ಬಟ್ಟೆಯ ಮೇಲೆ ದಪ್ಪ ಸ್ವೆಟರ್, ಅದರ ಮೇಲೆ ಶಾಲು, ತಲೆಗೆ ಮಂಕಿ ಕ್ಯಾಪ್: ನಿಂತವರಿಗೆ ಇದು ಸರಿ. ಓಡುವವರು ಹತ್ತೇ ನಿಮಿಷದಲ್ಲಿ ಬೆವರುತ್ತಾರೆ. ಹತ್ತಿ ಆ ಬೆವರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ; ಇಳಿಜಾರಿನಲ್ಲಿ ವೇಗ ತಗ್ಗಿ ಗಾಳಿ ತಾಕಿದೊಡನೆ ಒದ್ದೆ ಬಟ್ಟೆ ಮೈಯ ಶಾಖವನ್ನು ಕದಿಯುತ್ತದೆ. ಆದ್ದರಿಂದ ಮೈಗೆ ತಾಗುವ ಮೊದಲ ಪದರ ಬೆವರನ್ನು ಹೊರಕ್ಕೆ ದಾಟಿಸುವ ಪಾಲಿಯೆಸ್ಟರ್ ಅಥವಾ ತೆಳು ಉಣ್ಣೆಯದಾಗಿರಬೇಕು. ಎರಡನೆಯ ಪದರ ಬಿಸಿಯನ್ನು ಕಾಯಬೇಕು. ಮೂರನೆಯದು, ಗಾಳಿ ಬೀಸುವ ದಿನಗಳಲ್ಲಿ ಮಾತ್ರ, ಗಾಳಿಯನ್ನು ತಡೆಯುವ ಹಗುರ ಜಾಕೆಟ್ ಆಗಿರಬೇಕು. ಬಿಸಿಯೆನಿಸಿದಾಗ ಅದನ್ನು ಬಿಚ್ಚಿ ಸೊಂಟಕ್ಕೆ ಕಟ್ಟಿಕೊಳ್ಳಬಹುದು. ಹೊರಗಿನ ಚಳಿಗಿಂತ ಹತ್ತು ಡಿಗ್ರಿ ಬೆಚ್ಚಗಿದೆ ಎಂದು ಭಾವಿಸಿ ಬಟ್ಟೆ ತೊಡಬೇಕು ಎಂಬುದು ಓಟಗಾರರ ಲೆಕ್ಕಾಚಾರ. ಹೊಸಿಲು ದಾಟುವಾಗ ಸ್ವಲ್ಪ ನಡುಗಿದರೆ ಉಡುಪು ಸರಿಯಾಗಿದೆ ಎಂದೇ ಅರ್ಥ. ಕೈಬೆರಳು, ಕಿವಿಗಳಿಗೆ ಮಾತ್ರ ರಿಯಾಯಿತಿಯಿಲ್ಲ. ದೇಹ ಚಳಿಗೆ ಮೊದಲು ರಕ್ತವನ್ನು ಹಿಂದೆಗೆದುಕೊಳ್ಳುವುದು ಈ ಅಂಚುಗಳಿಂದಲೇ. ಮನೆಗೆ ಮರಳಿದೊಡನೆ, ಕಾಫಿಗೂ ಮೊದಲು, ಒದ್ದೆ ಬಟ್ಟೆ ಬದಲಾಗಬೇಕು. ಬಾಯಾರಿಕೆ ತೋರದಿದ್ದರೂ ನೀರು ಕುಡಿಯಬೇಕು. ಚಳಿ ಬಾಯಾರಿಕೆಯನ್ನು ಮರೆಸುತ್ತದೆಯೇ ಹೊರತು ಬೆವರನ್ನು ನಿಲ್ಲಿಸುವುದಿಲ್ಲ.

ಉಡುಪಿನಷ್ಟೇ ಮುಖ್ಯವಾದದ್ದು ಹೊತ್ತು. ನಸುಕಿನಲ್ಲಿ ಈ ರಸ್ತೆಗಳು ಮನುಷ್ಯರವಲ್ಲ. ‘ಅಮ್ಮಾ, ಬೆಳಕು ಹರಿಯಲಿ ಇರಿ, ಕೆಳಗೆ ಕಾಟಿ ನಿಂತಿದೆ’ ಎಂದು ತಿರುವಿನ ಚಹಾದಂಗಡಿಯ ಮುದುಕರು ಆಕೆಯನ್ನು ಎಷ್ಟೋ ಸಲ ತಡೆದದ್ದುಂಟು. ಮಂಜಿನಲ್ಲಿ ಕರಿಬಂಡೆಯಂತೆ ನಿಲ್ಲುವ ಕಾಟಿಯ ಮುಂದೆ ಓಟಗಾರರ ಅವಸರ ನಡೆಯದು. ಮಂಜು ಕವಿದ ದಿನ ಬೆಳಕನ್ನು ಪ್ರತಿಫಲಿಸುವ ಪಟ್ಟಿಯುಳ್ಳ ಅಂಗಿ ತೊಟ್ಟು, ಎದುರು ಬರುವ ವಾಹನಗಳು ಕಾಣುವಂತೆ ರಸ್ತೆಯ ಬಲಬದಿಯಲ್ಲಿ ಓಡುವುದು ಕ್ಷೇಮ.

ಇಷ್ಟೆಲ್ಲ ಎಚ್ಚರಗಳ ನಡುವೆಯೂ ಒಂದು ಜನವರಿಯ ಬೆಳಗ್ಗೆ ಆಕೆ ಬಿದ್ದಳು. ಆಸ್ಟ್ರೇಲಿಯದಿಂದ ಬಂದರೂ ಕನ್ನಡದಲ್ಲಿ ಈ ಬೆಟ್ಟದ ಹೆಸರನ್ನೇ ಪಡೆದಿರುವ ನೀಲಗಿರಿ ಮರಗಳ ನೆರಳಿನಲ್ಲಿ, ಮೋರಿಯೊಂದರ ತಿರುವಿಗೆ ಬಿಸಿಲು ಇನ್ನೂ ಬಂದಿರಲಿಲ್ಲ. ಎಡಪಾದ ಒಳಕ್ಕೆ ಹೊರಳಿತು. ಮೋರಿಕಟ್ಟೆಯ ಮೇಲೆ ಕುಳಿತ ಆಕೆಗೆ ನಾಲ್ಕು ಹೆಜ್ಜೆ ಇಡಲೂ ಆಗಲಿಲ್ಲ. ಹಾಲಿನ ವ್ಯಾನೊಂದು ಮನೆಗೆ ತಲುಪಿಸಿತು.

ಆ ‘ನಾಲ್ಕು ಹೆಜ್ಜೆ’ ಬರಿಯ ಮಾತಲ್ಲ. ಅದು ವೈದ್ಯರು ಬಳಸುವ ಒಂದು ಅಳತೆ. ಕಾಲು ಉಳುಕಿದ ಕೂಡಲೇ ಹಾಗೂ ಪರೀಕ್ಷೆಯ ಸಮಯದಲ್ಲಿ ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಇಲ್ಲವೇ ಹರಡಿನ ಎಲುಬಿನ ಹಿಂಬದಿಯನ್ನು ಒತ್ತಿದಾಗ ನೋವಾದರೆ ಎಕ್ಸ್‌ರೇ ತೆಗೆಸಬೇಕೆಂಬ ಈ ನಿಯಮ ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪುಗೊಂಡಿತು. ಆಕೆಯ ಎಲುಬು ಮುರಿದಿರಲಿಲ್ಲ. ಹೊರಬದಿಯ ಕಟ್ಟುನಾರು ಅರ್ಧ ಹರಿದಿತ್ತು.

ನೆರೆಹೊರೆಯವರು ತಿಂಗಳುಗಟ್ಟಲೆ ಅಲುಗಾಡದೆ ಮಲಗಲು ಹೇಳಿದರು. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕು ಸೂತ್ರಗಳನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಮಂಜುಗಡ್ಡೆಯೂ ಸಂಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದು ಎಂದು ಮುಂದೆ ಬರೆದವರೂ ಅವರೇ. ಮೊದಲ ಕೆಲವು ದಿನ ಕಾಲನ್ನು ಕಾಪಾಡಿ, ಆಮೇಲೆ ನೋವು ಅನುಮತಿಸುವಷ್ಟು ಭಾರವನ್ನು ಮೆಲ್ಲಗೆ ಹೇರುತ್ತ ಹೋಗುವುದು ಇಂದಿನ ಪದ್ಧತಿ. ಕಟ್ಟುನಾರು ಬಲಗೊಳ್ಳುವುದು ದುಡಿಮೆಯಿಂದಲೇ.

ಆದರೆ ಮೊದಲ ವಾರದ ರಾತ್ರಿಗಳು ಕಠಿಣವಾಗಿದ್ದವು. ಮಂಚದ ಮೇಲೆ ದಿಂಬಿಗೇರಿಸಿದ ತನ್ನ ಕಾಲಿನಲ್ಲಿ ಆಕೆಗೆ ತಾಯಿಯ ಕಾಲು ಕಾಣುತ್ತಿತ್ತು. ಓಟ ನಿಂತರೆ ಸಕ್ಕರೆ ಏರುತ್ತದೆ, ಏರಿದರೆ ಕಾಲು ಹೋಗುತ್ತದೆ: ಭಯದ ತರ್ಕಕ್ಕೆ ಮೆಟ್ಟಿಲುಗಳು ಎರಡೇ. ಗಾಯಗೊಂಡ ಓಟಗಾರರನ್ನು ನೋವಿಗಿಂತ ಹೆಚ್ಚಾಗಿ ಕಾಡುವುದು ಈ ತರ್ಕ.

ಎರಡನೆಯ ವಾರ ಫಿಸಿಯೋಥೆರಪಿಯ ತಜ್ಞೆ ಒಂದು ಅಭ್ಯಾಸ ಹೇಳಿಕೊಟ್ಟರು. ಹೆಬ್ಬೆರಳನ್ನು ಲೇಖನಿಯೆಂದು ಭಾವಿಸಿ, ಹರಡನ್ನು ಮಾತ್ರ ತಿರುಗಿಸುತ್ತ, ಗಾಳಿಯಲ್ಲಿ ಇಂಗ್ಲಿಷ್ ಅಕ್ಷರಮಾಲೆಯನ್ನು ಬರೆಯಬೇಕು. ತಾಳವಾಡಿಯ ಕನ್ನಡ ಶಾಲೆಯಲ್ಲಿ ಕಲಿತ ಆಕೆಯ ಕಾಲು ತಾನಾಗಿಯೇ ‘ಅ’ ಬರೆಯಿತು. ಕನ್ನಡದ ದುಂಡಕ್ಷರಗಳಿಗೆ ಹರಡು ಎಲ್ಲ ದಿಕ್ಕಿಗೂ ಹೊರಳಲೇಬೇಕು. ‘ಋ’ ಮುಗಿಸುವಾಗ ಬೆವರು ಬರುತ್ತಿತ್ತು.

ಮಂಚದ ಕಾಲ್ದೆಸೆಯಲ್ಲಿ ಕುಳಿತಿದ್ದ ಮಗಳಿಗೆ ಹನ್ನೆರಡು ವರ್ಷ. ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ಆದರೆ ಆ ಕನ್ನಡಕ್ಕೆ ಅಕ್ಷರವಿರಲಿಲ್ಲ. ರಜೆಯಲ್ಲಿ ಕಲಿಸುವೆನೆಂದು ತಾಯಿ ಹೇಳುತ್ತ ಬಂದ ರಜೆಗಳು ಹಲವು ಕಳೆದಿದ್ದವು. ಈಗ ಆಟವೆಂಬಂತೆ ಹುಡುಗಿ ಕಾಲು ಬರೆದದ್ದನ್ನು ಓದತೊಡಗಿದಳು.

‘ಅವ್ವ, ಇದು ಠ-ನೋ ರ-ನೋ?’

‘ನಡುವೆ ಚುಕ್ಕಿ ಇಟ್ಟೆನಲ್ಲ ಮಗ, ನೋಡಲಿಲ್ವಾ?’

ದಿನಕ್ಕೆ ಮೂರು ಬಾರಿ ಅಭ್ಯಾಸ. ಮೂರು ಬಾರಿ ಪಾಠ. ವರ್ಗೀಯ ವ್ಯಂಜನಗಳು ಮುಗಿಯುವಾಗ ಆಕೆ ಕೋಲಿಲ್ಲದೆ ನಡೆಯುತ್ತಿದ್ದಳು. ಒತ್ತಕ್ಷರಗಳಿಗೆ ಬರುವಾಗ ಒಂಟಿಕಾಲಿನಲ್ಲಿ ನಿಂತು ದೋಸೆ ಹುಯ್ಯುತ್ತಿದ್ದಳು. ಉಳುಕಿದ ಹರಡು ತನ್ನ ಇರುವನ್ನು ಗ್ರಹಿಸುವ ಶಕ್ತಿಯನ್ನೇ ಸ್ವಲ್ಪ ಕಳೆದುಕೊಳ್ಳುವುದರಿಂದ, ಸಮತೋಲದ ಈ ಅಭ್ಯಾಸವಿಲ್ಲದೆ ಓಟಕ್ಕೆ ಮರಳಿದವರು ಮತ್ತೆ ಉಳುಕಿಸಿಕೊಳ್ಳುವ ಸಂಭವ ಹೆಚ್ಚು. ನೋವಿಲ್ಲದೆ ಚುರುಕಾಗಿ ನಡೆಯಲು, ಒಂಟಿಕಾಲಿನಲ್ಲಿ ಕುಪ್ಪಳಿಸಲು ಬಂದ ಮೇಲೆಯೇ ಓಟ. ಅದೂ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುವ ಕ್ರಮದಲ್ಲಿ.

ಮಾರ್ಚ್‌ನ ಒಂದು ಭಾನುವಾರ ತಾಯಿಮಗಳಿಬ್ಬರೂ ಬಸ್ ನಿಲ್ದಾಣದ ಬದಿಯಿಂದ ನಿಧಾನವಾಗಿ ಓಡುತ್ತಿದ್ದರು. ಕರ್ನಾಟಕದ ಬಸ್ಸೊಂದು ಹೊರಡಲು ನಿಂತಿತ್ತು. ಹುಡುಗಿ ನಿಂತು, ಏದುಸಿರಿನಲ್ಲೇ ಅದರ ಫಲಕವನ್ನು ಬಿಡಿಬಿಡಿಯಾಗಿ ಓದಿದಳು: ‘ಮೈ-ಸೂ-ರು.’ ತಾಯಿ ಏನೂ ಹೇಳಲಿಲ್ಲ. ಸಡಿಲವಾಗದಿದ್ದ ಬೂಟಿನ ದಾರವನ್ನು ಬಗ್ಗಿ ಮತ್ತೊಮ್ಮೆ ಕಟ್ಟಿಕೊಂಡಳು.

ಆ ವರ್ಷದ ರಕ್ತಪರೀಕ್ಷೆಯ ಅಂಕಿ ಗಡಿಯಲ್ಲಿಯೇ ನಿಂತಿತ್ತು, ದಾಟಿರಲಿಲ್ಲ. ಕಾಲು ಉಳುಕಿದ ವಾರಗಳಲ್ಲಿ ಕುಳಿತೇ ಮಾಡಿದ ವ್ಯಾಯಾಮವೂ ಅನ್ನದ ಅಳತೆಯೂ ಅದನ್ನು ಹಿಡಿದಿಟ್ಟವು ಎಂದು ವೈದ್ಯರು ಅಭಿಪ್ರಾಯಪಟ್ಟರು. ಈಗ ಮತ್ತೊಂದು ಮಾಗಿ ಬಂದಿದೆ. ಆಕೆ ಸೂರ್ಯ ಮರಗಳ ಮೇಲೇರುವವರೆಗೆ ಕಾಯುತ್ತಾಳೆ. ಮೋರಿಯ ತಿರುವು ಬಂದಾಗ ಓಟ ನಿಲ್ಲಿಸಿ, ಪಾದವನ್ನು ಪೂರ್ತಿ ಊರಿ, ಇಪ್ಪತ್ತು ಹೆಜ್ಜೆ ನಡೆದು, ಬಿಸಿಲಿಗೆ ಬಂದ ಮೇಲೆ ಮತ್ತೆ ಓಡುತ್ತಾಳೆ.